ಗರಾಜಿನ ಗಾಸ್ಪೆಲ್

ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿ ನಮ್ಮ ಪಕ್ಕದ ಮನೆಯ ಅರಿವಳಿಕೆ ಡಾಕ್ಟರಿಗೆ ಹಗಲು ರೋಗಿಗಳ ಪ್ರಜ್ಞೆ ತಪ್ಪಿಸುವುದು ವೃತ್ತಿ, ಸಂಜೆ ಗಾಯಕರ ಪ್ರಜ್ಞೆ ತಪ್ಪಿಸುವುದು ಹವ್ಯಾಸ. ಕಾರನ್ನು ಬೀದಿಗೆ ಅಟ್ಟಿ ಗರಾಜನ್ನು ಸ್ಟುಡಿಯೊ ಮಾಡಿಕೊಂಡಿದ್ದರು. ಹಾಡು ಬ್ಲೂಸೋ, ಕಂಟ್ರಿಯೋ, ಗಾಸ್ಪೆಲ್ಲೋ ಎಂಬ ಭೇದವಿಲ್ಲದೆ, ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ತೀರ್ಪು ಕೊಡುತ್ತಿದ್ದರು: "ಚೊಲೋ ಐತಿ. ಆದ್ರ ಖರೆ ಇಲ್ಲ. ಇನ್ನೊಮ್ಮೆ."

ಅವರ ಆಸ್ಪತ್ರೆಯ ಮಂಗಳೂರಿನ ನರ್ಸೊಬ್ಬಳು ತನ್ನ ಮೊದಲ ಗಾಸ್ಪೆಲ್, ಅಂದರೆ ಕ್ರೈಸ್ತ ಭಕ್ತಿಗೀತೆಗಳ, ಆಲ್ಬಮ್ಮಿನ ಕೊನೆಯ ಹಾಡಿಗೆ ಬಂದಿದ್ದಳು. ತೀರಿಕೊಂಡ ತಾಯಿಗಾಗಿ ತಾನೇ ಬರೆದದ್ದು. ನಡುವೆ ದನಿ ಒಡೆಯಿತು. ಒಡೆದ ದನಿಯಲ್ಲೇ ಮುಗಿಸಿದಳು. ಅವಳ ಹಾಡಿಗೆ ಗಿಟಾರ್ ನುಡಿಸುತ್ತಿದ್ದ ನನ್ನ ಕೈ ಯಾವಾಗ ನಿಂತಿತೋ ತಿಳಿಯದು.

"ಇದನ್ನು ಅಳಿಸಿಬಿಡಿ ಅಂಕಲ್. ಇದು ಅಮ್ಮನಿಗೆ ಮಾತ್ರ," ಎಂದಳು.

"ತಲೆ ಕೆಟ್ಟಿದೆಯೇನ್ರೀ ಸಿಸ್ಟರ್? ಇಡೀ ಆಲ್ಬಮ್ಮಿಗೆ ಇದೊಂದು ಸಾಕು!" ಎಂದೆ ನಾನು.

ಡಾಕ್ಟರ್ ಮೊದಲ ಬಾರಿಗೆ, "ಇದು ಖರೆ ಐತಿ," ಎಂದರು. ಎಂದವರೇ ಗುಂಡಿ ಒತ್ತಿ ಅಳಿಸಿದರು. "ಹಾಡಿದಾಕಿ ಬ್ಯಾಡ ಅಂದಾಳ್ರಿ. ಮುಗೀತು."

ಅವಳು ಮುಖ ತೊಳೆದು ಬಂದು ಮತ್ತೆ ಹಾಡಿದಳು. ಆಲ್ಬಮ್ಮಿನಲ್ಲಿರುವುದು ಅದೇ. ಜನ ಹೊಗಳಿದಾಗ ನಾನೂ ತಲೆಯಾಡಿಸುತ್ತೇನೆ. ಮೊದಲನೆಯದನ್ನು ಭೂಮಿಯ ಮೇಲೆ ಕೇಳಿದವರು ನಾವಿಬ್ಬರೇ; ಅದರ ಬಗ್ಗೆ ಡಾಕ್ಟರ್ ನನ್ನೊಡನೆಯೂ ಎಂದೂ ಮಾತಾಡಲಿಲ್ಲ.