ನನ್ನ ಬಾಲ್ಕನಿ ಹವಾಯಿಯಾದ ಬಗೆ

ಈ ಅಂಕಣವನ್ನು ವಾಷಿಂಗ್ ಮಷಿನ್ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತುಕೊಂಡು ಬರೆಯುತ್ತಿದ್ದೇನೆ. ಮಷಿನ್ ಸ್ಪಿನ್‌ಗೆ ಬಂದಾಗ ಬರವಣಿಗೆ ನಿಲ್ಲುತ್ತದೆ. ನನಗೆ ಈ ಗತಿ ಬರಲು ಕಾರಣ ಹವಾಯಿ ದ್ವೀಪ.

ಹೇಳುತ್ತೇನೆ ಕೇಳಿ.

ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ನಮ್ಮ ಸಣ್ಣ ಫ್ಲ್ಯಾಟಿನಲ್ಲಿ ನನ್ನದು ಅಂತ ಇದ್ದದ್ದು ಬಾಲ್ಕನಿ ಮಾತ್ರ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ; ಒಳಗೆ ಅದನ್ನು ಹಾಕಿ ಕೂರಲು ಜಾಗವಿಲ್ಲ. ದುಬೈನಲ್ಲಿ ಬಾಲ್ಕನಿ ಎನ್ನುವುದು ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಬಾಲ್ಕನಿ, ಆಮೇಲೆ ಓವನ್. ಆ ನಾಲ್ಕಾರು ತಿಂಗಳು ಸಂಜೆ ಅಲ್ಲಿ ಕೂತೇ ನಾನು ನಿಮಗೆ ಬರೆಯುತ್ತಿದ್ದೆ.

ಅಷ್ಟರಲ್ಲಿ ಭಾವ ಬಂದರು. ಹೆಂಡತಿಯ ಅಣ್ಣ, ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮೊಂದರಲ್ಲಿ ಸೂಪರ್‌ವೈಸರ್. ಸತ್ವಾ ಏರಿಯಾದಲ್ಲಿ ಅವರಿದ್ದ ಹಳೇ ವಿಲ್ಲಾ ಖಾಲಿ ಮಾಡಿಸಿದರಂತೆ. ಬೇರೆ ಬೆಡ್‌ಸ್ಪೇಸ್, ಅಂದರೆ ಹಂಚಿಕೊಂಡ ಕೋಣೆಯಲ್ಲೊಂದು ಮಂಚ, ಸಿಗುವವರೆಗೆ ನಮ್ಮಲ್ಲಿ. (ಹುಡುಕುತ್ತಿದ್ದಾರೆ. ಬಹಳ ನಿಧಾನವಾಗಿ ಹುಡುಕುತ್ತಿದ್ದಾರೆ.) ಬಂದ ವಾರವೇ ಖಾಲಿ ಪೇಂಟ್ ಬಕೆಟಿನಲ್ಲಿ ಒಂದು ಬಸಳೆ ದಂಟು ನೆಟ್ಟರು. ಪಾಪ, ಊರಿನ ನೆನಪು ಅಂದುಕೊಂಡೆ. ಬಕೆಟ್‌ಗಳು ಹೆಚ್ಚಿದವು. ಬಳ್ಳಿ ಗ್ರಿಲ್ ಹತ್ತಿತು, ಬಟ್ಟೆ ಒಣಗಿಸುವ ಹಗ್ಗ ಹಿಡಿಯಿತು, ಕೊನೆಗೆ ನನ್ನ ಕುರ್ಚಿಯ ಕೈಯನ್ನೂ ಸುತ್ತಿಕೊಂಡಿತು.

"ಈ ಕುರ್ಚಿ ತೆಗೆದ್ರೆ ಇನ್ನೆರಡು ಬಕೆಟ್ ಹಿಡೀತದೆ ಭಾವ" ಎಂದರು. (ಅವರಿಗೆ ನಾನೂ ಭಾವ.) "ಇಷ್ಟು ಒಳ್ಳೆ ಬಿಸಿಲು ಉಂಟು. ನೀವು ಸುಮ್ಮನೆ ಕೂತು ವೇಸ್ಟ್ ಮಾಡ್ತೀರಿ ಮಾರಾಯ್ರೆ."

ಅದೇ ವಾರ ಏಳನೇ ಕ್ಲಾಸಿನ ಮಗಳಿಗೆ ಸ್ಕೂಲಿನಲ್ಲಿ ಡಿಬೇಟ್. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕ ಹವಾಯಿ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡದ್ದು ಸರಿಯೇ? ಅವಳು ಕತೆ ಹೇಳಿದಳು. ಹೊರಗಿನಿಂದ ಬಂದು ಕಬ್ಬಿನ ತೋಟ ಮಾಡಿದವರು ಕಡೆಗೆ ರಾಣಿಯನ್ನೇ ಕೆಳಗಿಳಿಸಿದರಂತೆ. ಆಮೇಲೆ ದ್ವೀಪವನ್ನು ಅಮೆರಿಕಕ್ಕೆ ಸೇರಿಸಿ ಎಂದು ದುಂಬಾಲು ಬಿದ್ದರಂತೆ. ವಾಷಿಂಗ್ಟನ್ನಿನಲ್ಲಿ ವರ್ಷಗಟ್ಟಲೆ ಜಗಳ.

"ಶುದ್ಧ ಅನ್ಯಾಯ" ಎಂದೆ. ಹವಾಯಿಗಾಗಿ ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

"ಎಂತ ಅನ್ಯಾಯ? ಖಾಲಿ ಬಿದ್ದಿತ್ತು, ಡೆವಲಪ್ ಮಾಡಿದ್ರು" ಎಂದರು ಭಾವ. ಮಗಳು ಅದನ್ನು ಬರೆದುಕೊಂಡಳು. ಅವಳಿಗೆ ಸಿಕ್ಕಿದ್ದು ಸೇರಿಸಿಕೊಳ್ಳುವವರ ಪಕ್ಷ.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಪ್ರಾಕ್ಟೀಸಿಗೆ ಮನೆಯಲ್ಲೇ ವೋಟಿಂಗ್ ಎಂದಳು. ವಿಷಯ: ಪಪ್ಪನ ಕುರ್ಚಿ ಒಳಗೆ, ಬಾಲ್ಕನಿ ಪೂರ್ತಿ ಮಾಮನಿಗೆ. ನನಗೆ ಖುಷಿಯೇ ಆಯಿತು. (ಈ ದೇಶದಲ್ಲಿ ನನಗೆ ವೋಟಿಲ್ಲ. ಊರಿನಲ್ಲಿ ಇದೆ, ಹಾಕಲು ರಜೆ ಸಿಗುವುದಿಲ್ಲ. ಡೈನಿಂಗ್ ಟೇಬಲ್ಲಿನಲ್ಲಾದರೂ ಕೈ ಎತ್ತಬಹುದಲ್ಲ?)

ಭಾವ ಪರ. ಹೆಂಡತಿಯೂ ಪರ, ಮಾರ್ಕೆಟ್ಟಿನ ಸೊಪ್ಪಿನ ಬೆಲೆ ನಿಮಗೇನು ಗೊತ್ತು ಎಂದು ನನ್ನನ್ನೇ ಕೇಳಿದಳು. ನಾನು ವಿರೋಧ. ಮಗಳೂ ವಿರೋಧ! ಅಪ್ಪನ ಮೇಲಿನ ಪ್ರೀತಿಯಿಂದಲ್ಲ, ಅವಳಿಗೆ ಬಸಳೆ ಕಂಡರಾಗದು.

"ಅಮೆರಿಕದಲ್ಲಿ ಒಪ್ಪಂದಕ್ಕೆ ಟೂ-ಥರ್ಡ್ಸ್ ವೋಟ್ ಬೇಕು, ಮೂರರಲ್ಲಿ ಎರಡು. ಇಲ್ಲಿ ಬಂದಿಲ್ಲ" ಎಂದಳು ಮಗಳು.

"ಖಲಾಸ್" ಎಂದೆ ನಾನು.

"ವೇಟ್ ಪಪ್ಪ. ಅಲ್ಲೂ ಹೀಗೇ ಆಯ್ತು. ಟೂ-ಥರ್ಡ್ಸ್ ಸಿಗಲ್ಲ ಅಂತ ಗೊತ್ತಾದ್ಮೇಲೆ ರೂಟ್ ಚೇಂಜ್ ಮಾಡಿದ್ರು. ಸಿಂಪಲ್ ಮೆಜಾರಿಟಿ ಸಾಕು ಅಂದ್ರು."

ಹಾಗಾದರೂ ಎರಡಕ್ಕೆ ಎರಡು. ನಾನು ನಿರಾಳವಾಗಿ ಅನ್ನ ಕಲಸಿದೆ.

ಆಗ ಭಾವ ಮೆಲ್ಲ ಕೇಳಿದರು, "ಆ ದ್ವೀಪದವರಿಗೆ ವೋಟ್ ಇತ್ತಾ ಮಗಾ?"

ಮಗಳು ನೋಟ್ಸ್ ನೋಡಿದಳು. ನನ್ನ ಮುಖ ನೋಡಿದಳು. "ಸಾರಿ ಪಪ್ಪ. ಅವರನ್ನ ಯಾರೂ ಕೇಳ್ಲೇ ಇಲ್ಲ. ಇಲ್ಲಿ ದ್ವೀಪ ನೀವು."

ನನ್ನ ವೋಟು ರದ್ದು. ಎರಡು, ಒಂದು. ಪಾಸ್.

ದ್ವೀಪದವರು ಸಾವಿರಾರು ಸಹಿ ಹಾಕಿ ವಿರೋಧದ ಅರ್ಜಿ ಕೊಟ್ಟಿದ್ದರಂತೆ, ನಾನೂ ಕೊಡುತ್ತೇನೆ ಎಂದೆ.

"ಕೊಡಿ" ಎಂದಳು ಹೆಂಡತಿ. "ಮೊದಲು ಉಂಡು ಕುರ್ಚಿ ಒಳಗೆ ತನ್ನಿ." ಕೇಳದೆಯೇ ತಟ್ಟೆಗೆ ಇನ್ನೊಂದು ಸೌಟು ಬಸಳೆ ಹುಳಿ ಬಡಿಸಿದಳು. ಒಳ್ಳೆಯ ಎಳೆ ಬಸಳೆ. ಸಿಟ್ಟಿನಲ್ಲೇ ಉಂಡೆ. ಅದು ಮುಗಿದ ಮೇಲೆ ಮತ್ತೊಂದು ಸೌಟನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಇದನ್ನೇ ಇತಿಹಾಸದಲ್ಲಿ ಸ್ಥಳೀಯರ ಒಪ್ಪಿಗೆ ಎಂದು ಬರೆಯುತ್ತಾರೆಯೇ?