ಜೀವಂತ ಕೂಸಿಗೆ ಸಂತಾಪ

ಬದುಕಿರುವ ಕೂಸಿನ ಸಾವಿಗೆ ಸಂತಾಪ ಹೇಳಲು ಹೋದ ಅನುಭವ ನಿಮಗಿದೆಯೇ? ನನಗಿದೆ. ಅದೂ ಕಾಲೇಜಿಗೆ ರಜೆ ಹಾಕಿ, ಹೆಂಡತಿಯನ್ನು ಕರೆದುಕೊಂಡು, ಹಾವೇರಿಯಿಂದ ಬ್ಯಾಡಗಿಗೆ ಬೆಳಗಿನ ಮೊದಲ ಬಸ್ಸಿನಲ್ಲಿ.

ಆರು ವರ್ಷದ ಹಿಂದಿನ ಮಾತು. ನನ್ನ ಕಾಕಾನ ಮಗಳು ಗಿರಿಜಾ ಚೊಚ್ಚಲ ಹೆರಿಗೆಗೆ ಬ್ಯಾಡಗಿಯ ತವರಿಗೆ ಬಂದಿದ್ದಳು. ಕೂಸು ತೀರಿಹೋಯಿತು ಅಂತ ಫೋನು ಬಂತು. ಹೇಳಿದವರಿಗೆ ಯಾರು ಹೇಳಿದರು? ಹಾಗೆಲ್ಲ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಸಾವಿನ ಸುದ್ದಿಗೆ ಸಾಕ್ಷಿ ಕೇಳಿದರೆ ಮಾನ ಹೋಗುತ್ತದೆ.

ಬಸ್ಸಿನಲ್ಲಿ ಹೆಂಡತಿಯ ಪಾಠ ಶುರು. ಹಣ್ಣು ಒಯ್ಯಬಾರದು. ಹೊರಡುವಾಗ ‘ಹೋಗಿ ಬರ್ತೀವಿ’ ಅನ್ನಬಾರದು. (ನಾವು ವಾಪಸ್ ಬರುವಷ್ಟರಲ್ಲಿ ಸ್ನಾನಕ್ಕೆ ನೀರು ಕಾಯಿಸಿಡಲು ಪಕ್ಕದ ಮನೆಯವರಿಗೆ ಹೇಳಿಯೇ ಬಂದಿದ್ದಳು.)

ಕಾಕಾನ ಪಡಸಾಲೆಯಲ್ಲಿ ಮುಖ ಇಳಿಬಿಟ್ಟು ಕೂತೆವು. ನಾನು ಗಂಟಲು ಸರಿಮಾಡಿಕೊಂಡು, “ಋಣ ಅಷ್ಟ ಇತ್ತು ಕಾಕಾ. ನಮ್ಮ ಕೈಯಾಗ ಏನೈತಿ” ಅಂದೆ.

ಒಳಗಿನಿಂದ ಕೂಸು ಅತ್ತಿತು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ನೆಲ ನೋಡಿದಳು. ಕಾಕು ಚಹಾ ತಂದಿಡುತ್ತ, “ನೀವ ಐದನೇದವರು. ನಿನ್ನೆ ಬಂದವರು ಅತ್ತೂ ಹೋದರು” ಅಂದಳು. ಪಾಪ, ಐದು ಸಲ ಚಹಾ ಮಾಡಿ ದಣಿದಿದ್ದಳು.

ಕೂಸಿಗೆ ಹತ್ತು ದಿನ. ಹೆಣ್ಣು. ಬೆನ್ನಿನ ಕೆಳಗೆ ಲಿಂಬೆಹಣ್ಣಿನಷ್ಟು ಗಂಟು, ಅದರ ಮೇಲೆ ಸರಿಯಾಗಿ ಚರ್ಮವಿಲ್ಲ. ಕಾಲು ಆಡಿಸುತ್ತಿರಲಿಲ್ಲ. ಸ್ಪೈನಾ ಬಿಫಿಡಾ ಅಂತೆ. ಹೊಟ್ಟೆಯಲ್ಲಿದ್ದಾಗಲೇ ಬೆನ್ನೆಲುಬು ಪೂರ್ತಿ ಮುಚ್ಚಿಕೊಳ್ಳದೆ ನರಗಳು ಹೊರಗೆ ಉಳಿದುಬಿಡುತ್ತವೆ. ಹುಟ್ಟಿದ ದಿನವೇ ಡಾಕ್ಟರು ಹೇಳಿದ್ದರು: ಹುಬ್ಬಳ್ಳಿಗೆ ಒಯ್ದು ಬೆನ್ನು ಮುಚ್ಚಿಸಿ, ತಡಮಾಡಿ ನಂಜೇರಿದರೆ ಉಳಿಯುವುದು ಕಷ್ಟ. ನಮ್ಮ ಬಳಗ ಇದರಲ್ಲಿ ಕೊನೆಯ ಎರಡು ಮಾತು ಮಾತ್ರ ಕೇಳಿಸಿಕೊಂಡಿತ್ತು.

ಹಾಗಾದರೆ ಹತ್ತು ದಿನ ಏನು ಮಾಡಿದರು? ವಿಚಾರ ಮಾಡಿದರು. ಗಿರಿಜಾಳ ಗಂಡ ಮಲ್ಲಿಕಾರ್ಜುನನಿಗೆ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಒಳ್ಳೆಯವನು, ಹಿರಿಯರು ‘ತಡಿ’ ಅಂದರೆ ತಡೆಯುವವನು. ಅವನ ದೊಡ್ಡಪ್ಪ ದೇವರಗುಡ್ಡಕ್ಕೆ ಹರಕೆ ಹೊತ್ತ. ಅವನ ತಾಯಿ ಕಾರಣ ಹುಡುಕಿದಳು: “ಗ್ರಹಣದಾಗ ಮೆಣಸಿನಕಾಯಿ ತೊಟ್ಟು ಮುರಿದಿರಬೇಕು.” (ಈ ಮಾತು ಖರೇ ಆದರೆ ಬ್ಯಾಡಗಿಯಲ್ಲಿ ಒಂದು ಕೂಸೂ ನೆಟ್ಟಗೆ ಹುಟ್ಟುವಂತಿಲ್ಲ.) ಹೆಸರಿಡುವುದನ್ನು ಮುಂದೆ ಹಾಕಿದರು. ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: “ದೇವರು ಲಗೂ ಕರಕೊಂಡರ ಕೂಸಿಗೂ ಛಲೋ, ನಿಮಗೂ ಛಲೋ.” ದೇವರಿಗೆ ತೊಂದರೆಯಾಗದಂತೆ ಎಲ್ಲ ಅನುಕೂಲ ನಾವೇ ಮಾಡಿಕೊಟ್ಟಿದ್ದೆವು.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಗಿರಿಜಾ ಕೂಸನ್ನು ತೋಳಿನ ಮೇಲೆ ಬೋರಲು ಮಲಗಿಸಿಕೊಂಡು ಹೊರಬಂದಳು.

“ಅಣ್ಣಾ, ರಜಾ ಹಾಕಿ ಬಂದೀಯೇನು?”

“ಹೂಂ.”

“ಮಣ್ಣಿಗೆ ಅಂದ್ರ ಎಲ್ಲಾರಿಗೂ ರಜಾ ಸಿಗತಾವು. ದವಾಖಾನಿಗೆ ಅಂದ್ರ ಒಬ್ಬರಿಗೂ ಇಲ್ಲ. ಹೆಂಗೂ ಹಾಕೀದಿ, ಹುಬ್ಬಳ್ಳಿಗೆ ನಡಿ.”

ಬಾಡಿಗೆ ಜೀಪು ಮಾಡಿಕೊಂಡು ಹೊರಟೆವು. ಆಸ್ಪತ್ರೆಯ ಫಾರ್ಮಿನಲ್ಲಿ ಕೂಸಿನ ಹೆಸರು ಕೇಳಿದರು. ಯಾವ ಹಿರಿಯರನ್ನೂ ಕೇಳದೆ ಗಿರಿಜಾ ‘ಸಿಂಧು’ ಅಂದಳು. ಸಂಜೆ ಮಲ್ಲಿಕಾರ್ಜುನ ಅಂಗಡಿ ಮುಚ್ಚಿ ಓಡಿಬಂದ. ಬಂದವನೇ ಆಪರೇಷನ್ನಿಗೆ ಸಹಿ ಹಾಕಿದ.

ಬೆನ್ನು ಮುಚ್ಚಿದರು. ಮೂರು ವಾರಕ್ಕೆ ತಲೆಯಲ್ಲಿ ನೀರು ತುಂಬತೊಡಗಿತು. ಅದು ಹೊಟ್ಟೆಗೆ ಇಳಿಯಲೆಂದು ಚರ್ಮದೊಳಗೆ ಸಣ್ಣ ಕೊಳವೆ ಇಟ್ಟರು. ಶಂಟ್ ಅಂತಾರೆ.

ಪಕ್ಕದ ಮಂಚದಲ್ಲಿ ಮೇಡ್ಲೇರಿ ಕಡೆಯ ಕೂಸಿತ್ತು. ಅದಕ್ಕೂ ಇದೇ ಗಂಟು. ಅವರ ಬಳಗ ನಮ್ಮದಕ್ಕಿಂತ ಹೆಚ್ಚು ವಿಚಾರ ಮಾಡಿತ್ತು. ನಂಜೇರಿದ ಮೇಲೆ ತಂದಿದ್ದರು. ನಾಲ್ಕನೇ ದಿನ ಕೂಸು ಹೋಯಿತು. ಅದರ ತಾಯಿ ನನ್ನನ್ನು ಕೇಳಿದಳು, “ಮೊದಲ ತಂದಿದ್ರ ಉಳೀತಿತ್ತೇನ್ರೀ?” ನನಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲವ್ವಾ ಅಂದೆ. ಆ ಸುಳ್ಳು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸಿಂಧು ಉಳಿದಳು. ಸುಮ್ಮನೆ ಉಳಿಯಲಿಲ್ಲ. ಒಮ್ಮೆ ಶಂಟಿಗೆ ಸೋಂಕು, ಒಮ್ಮೆ ಕಿಡ್ನಿಗೆ. ಪ್ರತಿ ಸಲವೂ ಅವಳ ಸಾವಿನ ಸುದ್ದಿ ಹಾವೇರಿಗೆ ಅವಳಿಗಿಂತ ಮೊದಲು ತಲುಪಿತು. ನಮ್ಮ ವಂಶದಲ್ಲಿ ಇಷ್ಟು ಸಲ ಸತ್ತವರು ಬೇರಾರೂ ಇಲ್ಲ. ಈ ನಡುವೆ ಹರಕೆ ಹೊತ್ತ ದೊಡ್ಡಪ್ಪನೇ ತೀರಿಕೊಂಡ. ಕಲ್ಲುಗುಂಡಿನಂತಿದ್ದ ಮನುಷ್ಯ. ಅವನು ಎಷ್ಟು ದಿನ ಇರುತ್ತಾನೆಂದು ಯಾರೂ ಚಿಂತಿಸಿರಲಿಲ್ಲ.

ಈಗ ಸಿಂಧು ಒಂದನೇ ಇಯತ್ತೆ. ಕಾಲಿಗೆ ಪಟ್ಟಿ ಕಟ್ಟಿದ ಬೂಟು, ಕೈಯಲ್ಲಿ ವಾಕರ್. ಮೂತ್ರ ತಾನಾಗಿ ಹೋಗುವುದಿಲ್ಲ, ದಿನಕ್ಕೆ ನಾಲ್ಕೈದು ಸಲ ಕೊಳವೆ ಹಾಕಿ ತೆಗೆಯಬೇಕು. ಗಿರಿಜಾ ಮಧ್ಯಾಹ್ನ ಅದಕ್ಕೆಂದೇ ಶಾಲೆಗೆ ಹೋಗುತ್ತಾಳೆ. ಹುಡುಗಿಯ ಬಾಯಿಗೆ ಮಾತ್ರ ಯಾವ ಪಟ್ಟಿಯೂ ಇಲ್ಲ.

ಆದರೂ ಜನ ಕೇಳುವುದು ಬಿಟ್ಟಿಲ್ಲ. “ಇಂಥಾ ಹುಡುಗರು ಎಷ್ಟು ವರ್ಷ ಬದುಕತಾವ್ರೀ?” ಬಸ್ಸಿನಲ್ಲಿ ಕೇಳುತ್ತಾರೆ. ಮದುವೆಯ ಊಟದಲ್ಲಿ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಳ್ಳುತ್ತ ಕೇಳುತ್ತಾರೆ. ಅವಳ ಎದುರಿಗೇ. ಎಂಥ ಮಂದಿ, ಅಲ್ಲವೇ?

ಕಳೆದ ವಾರ ತಪಾಸಣೆಗೆ ಅವರ ಜೊತೆ ನಾನೂ ಹುಬ್ಬಳ್ಳಿಗೆ ಹೋಗಿದ್ದೆ. ಗಿರಿಜಾ ಔಷಧಿ ತರಲು ಹೊರಗೆ ಹೋದಳು. ನಾನು ಡಾಕ್ಟರ ಕಡೆ ಬಗ್ಗಿ ಮೆಲ್ಲಗೆ ಅದೇ ಪ್ರಶ್ನೆ ಕೇಳಿದೆ. ಇಂಗ್ಲಿಷಿನಲ್ಲಿ. (ಓದಿದವನಲ್ಲವೇ, ಹುಡುಗಿಗೆ ತಿಳಿಯಬಾರದು ಎಂಬ ಜಾಣತನ.) ಡಾಕ್ಟರು ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದರು, “ಶಂಟ್ ನೋಡಿಕೋರಿ, ಕಿಡ್ನಿ ನೋಡಿಕೋರಿ, ಜ್ವರ ಬಂದ್ರ ಅವತ್ತ ಕರಕೊಂಡು ಬರ್ರಿ. ದೊಡ್ಡಾಕಿ ಆಗ್ತಾಳ. ಎಷ್ಟು ವರ್ಷ ಅಂತ ನಾ ಯಾರಿಗೂ ಬರಕೊಡೂದಿಲ್ಲ.”

ಹೊರಗೆ ಬಂದೆವು. ನನ್ನ ಸಕ್ಕರೆ ಕಾಯಿಲೆಯ ಮಾತ್ರೆಗೆ ಹೊತ್ತಾಗಿತ್ತು, ಬೆಂಚಿನ ಮೇಲೆ ಕೂತು ನುಂಗಿದೆ. ಸಿಂಧು ವಾಕರ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಕೇಳಿ ಕೇಳಿ, ದವಾಖಾನೆಗೆ ಬಂದವರೆಲ್ಲ ಕೇಳಲೇಬೇಕಾದ ಪ್ರಶ್ನೆ ಅದು ಅಂತಲೇ ಅವಳು ತಿಳಿದಿರಬೇಕು.

“ನಂದು ಎಷ್ಟು ವರ್ಷ ಅಂತ ಕೇಳಿದೆಲ್ಲಾ ಮಾಮಾ, ನಿಂದು ಕೇಳಿದೇನು?”