ತೋಳಕ್ಕೆ ಬೈಯುತ್ತಿದ್ದ ದೊಡ್ಡವ್ವ

ದೊಡ್ಡವ್ವ ಚಿಕ್ಕತಾಯಮ್ಮ ಬೈದರೆ ಅರ್ಧ ಊರಿಗೆ ಕೇಳುತ್ತಿತ್ತು. ಬೈಸಿಕೊಳ್ಳುತ್ತಿದ್ದದ್ದು ಮಾತ್ರ ಹೆಚ್ಚಾಗಿ ತೋಳ. ಮಾಗಡಿ ಕಡೆಯ ನಮ್ಮೂರಿನ ಪಕ್ಕದ ಕಾವಲಿನಲ್ಲಿ ಅವಳು ಕುರಿ ಮೇಯಿಸುತ್ತಿದ್ದಳು. ಪೊದೆಯ ಹಿಂದೆ ಕಿವಿ ಕಂಡರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತುಬಿಡುವಳು: “ಬಂದ್ಯೇನ್ಲಾ ಮುಂಡೇದೆ? ನಿನ್ ಕೈ ಸೇದೋಗ!” ತೋಳಕ್ಕೆಲ್ಲಿ ಕೈ ದೊಡ್ಡವ್ವ ಎಂದು ನಾನು ನಕ್ಕರೆ ನನಗೂ ಬೀಳುತ್ತಿತ್ತು ಮಂಗಳಾರತಿ. ದೊಡ್ಡಪ್ಪ ತೀರಿಕೊಂಡು, ಮಗಳು ರಾಮನಗರಕ್ಕೆ ಮದುವೆಯಾಗಿ ಹೋದ ಮೇಲೆ ಆ ಕುರಿಗಳೇ ಅವಳ ಸಂಸಾರ.

ಒಮ್ಮೆ ತೋಳ ಅವಳ ಕಣ್ಣೆದುರೇ ಒಂದು ಕುರಿಯ ಕುತ್ತಿಗೆಗೆ ಬಾಯಿ ಹಾಕಿತು. ಇವಳು ಓಡಿಹೋಗಿ ಕುರಿಯ ಹಿಂಗಾಲು ಹಿಡಿದುಕೊಂಡಳು. ಅದು ಆ ಕಡೆ, ಇವಳು ಈ ಕಡೆ ಎಳೆದಾಡಿ ಕೊನೆಗೆ ತೋಳವೇ ಬಿಟ್ಟಿತು. ಗಾಯಕ್ಕೆ ಅರಿಸಿನ ಮೆತ್ತುತ್ತಾ, “ಅದ್ಕೂ ಹೊಟ್ಟೆ ಐತೆ ಕಣವ್ವ. ವರ್ಸಕ್ಕೆ ಒಂದೋ ಎರಡೋ ತಗೊಂಡೋಗ್ಲಿ. ಗಬ್ಬದ ಕುರಿ ಮಾತ್ರ ಮುಟ್ಬಾರ್ದು” ಎಂದಳು, ತೋಳದೊಡನೆ ಮೊದಲೇ ಮಾತಾಗಿತ್ತೆಂಬಂತೆ.

ಮೇಯಲು ಹೋಗಲಾರದ ಎಳೆಮರಿಗಳನ್ನು ಹಟ್ಟಿಯಲ್ಲೇ ಬಿಟ್ಟು, ಅವುಗಳ ಮೇಲೆ ದೊಡ್ಡ ಬಿದಿರಿನ ಮಂಕರಿಗಳನ್ನು ಕವುಚಿ, ಕಲ್ಲು ಹೇರಿ ಹೋಗುವಳು. ಸಂಜೆ ಬಂದವಳು ಮೊದಲು ಮಂಕರಿಗೆ ಕಿವಿಯಿಡುವಳು. ಕೂಗು ಕೇಳಿಯೇ ಯಾವ ಮರಿ ಹಸಿದಿದೆ, ಯಾವ ಮರಿ ಸುಮ್ಮನೆ ತಕರಾರು ಮಾಡುತ್ತಿದೆ ಎಂದು ಹೇಳುತ್ತಿದ್ದಳು.

ಎರಡು ಸಾವಿರದ ಇಸವಿಯ ಆಚೆಗೆ ಕಾವಲಿಗೆ ಜೆಸಿಬಿಗಳು ಬಂದವು. ಬಂಡೆ ಸಿಡಿಸಿದರು, ಫ್ಯಾಕ್ಟರಿ ಕಟ್ಟಿದರು, ಕಾಂಪೌಂಡ್ ಎಬ್ಬಿಸಿದರು. ಮೊಲಗಿಲ ಎಲ್ಲ ಚದುರಿಹೋದವು. ಉಳಿದ ಒಂದು ಪಟ್ಟಿ ಹುಲ್ಲಿನಲ್ಲಿ ಕುರಿಯೂ ಬದುಕಬೇಕು, ತೋಳವೂ ಬದುಕಬೇಕು. ವಾರ ವಾರವೂ ಕುರಿ ಹೋಗತೊಡಗಿದವು. ದೊಡ್ಡವ್ವ ಮುಳ್ಳುಬೇಲಿ ಎತ್ತರಿಸಿದಳು, ತಗಡು ಬಡಿದಳು, ಗಂಟಲು ಹರಿಯುವಂತೆ ಕೂಗಿದಳು. ಯಾವುದಕ್ಕೂ ತೋಳಗಳು ಜಗ್ಗಲಿಲ್ಲ.

ಒಂದು ದಿನ ಮಂದೆ ಹೊಡೆದುಕೊಂಡು ಬಂದರೆ ಮಂಕರಿಗಳು ಉರುಳಿಬಿದ್ದಿದ್ದವು. ಒಂದು ಮರಿಯೂ ಉಳಿದಿರಲಿಲ್ಲ. ಕೆಚ್ಚಲು ಬಿಗಿದ ತಾಯಿಕುರಿಗಳು ಹಟ್ಟಿ ತುಂಬ ಅರಚಿಕೊಂಡು ಓಡಾಡುತ್ತಿದ್ದವು. ಅಯ್ಯೋ, ಅವತ್ತು ದೊಡ್ಡವ್ವ ಬೈಯಲೇ ಇಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಊರಿನ ಹಳೇ ಬೇಟೆಗಾರ ಕರಿಯಣ್ಣ ತೋಳದ ಗವಿ ಪತ್ತೆ ಮಾಡಿದ್ದ. “ಅದೂ ಮರಿ ಹಾಕ್ಬುಟ್ಟೈತೆ. ದೊಡ್ಡವು ಆಚೆ ಹೋದಾಗ ಗವಿ ಬಾಯಿಗೆ ಕಲ್ಲು ಕೊಟ್ಟು ಹೊಗೆ ಹಾಕ್ಬುಟ್ರೆ ಆಮ್ಯಾಕೆ ಈ ಕಡೆ ತಲೆ ಹಾಕಾಕಿಲ್ಲ” ಎಂದ. ಗಂಡಸರು ಹೊರಟರು. ದೊಡ್ಡವ್ವನೂ ಹೊರಟಳು. ನೀನು ಬೇಡ ಎಂದೆ. “ನನ್ ಮರಿ ತಿಂದವ್ಕೆ ನಾನೇ ಹಚ್ತೀನಿ” ಎಂದಳು.

ಒಣಹುಲ್ಲು, ಹಸಿಸೊಪ್ಪು ತುರುಕಿ ಅವಳೇ ಕಡ್ಡಿ ಗೀರಿದಳು. ಗಂಡಸರು ಕಲ್ಲು ಪೇರಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕುಯ್‌ಕುಯ್ ಎಂಬ ಸಣ್ಣ ಸದ್ದು. ದೊಡ್ಡವ್ವ ಬಗ್ಗಿ ಕಲ್ಲಿಗೆ ಕಿವಿಯಿಟ್ಟಳು. ಮರುಗಳಿಗೆಯೇ ಎರಡೂ ಕೈಯಲ್ಲಿ ಕಲ್ಲು ಎಳೆಯತೊಡಗಿದಳು. “ತೆಗೀರ್ಲಾ! ಹಸ್ಕೊಂಡವೆ ಕಣ್ರಲಾ, ತೆಗೀರ್ಲಾ!” ಕರಿಯಣ್ಣ ರಟ್ಟೆ ಹಿಡಿದು ಎಳೆದ. “ನಿಂಗೇನ್ ತಲೆ ಕೆಟ್ಟೈತಾ ಅಕ್ಕ?” ಅವಳು ಕೊಸರಾಡಿದಳು, ಬೆರಳು ಸುಟ್ಟುಕೊಂಡಳು. ಅಷ್ಟರಲ್ಲಿ ಒಳಗಿನ ಸದ್ದು ನಿಂತಿತ್ತು.

ಕರಿಯಣ್ಣ ಹೇಳಿದಂತೆಯೇ ತೋಳಗಳು ಮತ್ತೆ ಬರಲಿಲ್ಲ. ಬಂದಿದ್ದರೆ ನಾಲ್ಕು ಬೈದಾದರೂ ಹಗುರಾಗುತ್ತಿದ್ದಳೇನೋ. ಮುಂದಿನ ಸೂಲಿಗೆ ಹಟ್ಟಿ ತುಂಬ ಮರಿಗಳಾದವು. ಅವಳು ಒಂದನ್ನೂ ಎತ್ತಿಕೊಳ್ಳಲಿಲ್ಲ. ಮಂದೆ ಮಾರಿ ಮಗಳ ಮನೆ ಸೇರಿದಳು.

ಕೊನೆಯ ಸಲ ನೋಡಿದಾಗ ಹಾಸಿಗೆ ಹಿಡಿದಿದ್ದಳು. ಊರಿನ ಸುದ್ದಿ ಒಂದನ್ನೂ ಕೇಳಲಿಲ್ಲ.

“ಅವತ್ತು ಕಲ್ಲು ತೆಗ್ದಿದ್ರೆ ನನ್ ಕುರೀನೆಲ್ಲ ತಿಂದಾಕ್ತಿದ್ವು, ಅಲ್ವಾ?”

“ಹೌದು ದೊಡ್ಡವ್ವ.”

“ಇನ್ನೊಂದ್ ಸತಿ ಹೌದು ಅನ್ನು” ಎಂದು ನನ್ನ ಕೈ ಹಿಡಿದುಕೊಂಡಳು. ಬಸ್ಸಿಗೆ ಹೊತ್ತಾಗುವವರೆಗೂ ನಾನು ಹೌದು, ಹೌದು ಎನ್ನುತ್ತಲೇ ಇದ್ದೆ. ಅವಳು ಕೈ ಬಿಡಲಿಲ್ಲ.